ಆಯಾ ಕಲಿಸಿದ ಹಾಡು

ಕಳೆದ ದಸರಾ ರಜೆಯಲ್ಲಿ ಅಕ್ಕನ ಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ಎಂಟು ವರ್ಷದ ಹುಡುಗಿ. ರಾತ್ರಿ ಕಥೆ ಹೇಳದಿದ್ದರೆ ಮಲಗುವವಳಲ್ಲ. ನನಗೆ ಬರುತ್ತಿದ್ದ ರಾಜ ರಾಣಿಯರ ಕಥೆಗಳೆಲ್ಲ ಮೂರೇ ದಿನಕ್ಕೆ ಮುಗಿದುಹೋದವು. ನಾಲ್ಕನೆಯ ರಾತ್ರಿ ‘ದಿ ಸೀಕ್ರೆಟ್ ಗಾರ್ಡನ್’ ಕಾದಂಬರಿಯ ಕಥೆಯನ್ನು ಕನ್ನಡದಲ್ಲಿ ಹೇಳತೊಡಗಿದೆ. ಇಂಡಿಯಾದಲ್ಲಿ ಹುಟ್ಟಿದ ಇಂಗ್ಲಿಷ್ ಹುಡುಗಿ ಮೇರಿ. ತಾಯಿಗೆ ಪಾರ್ಟಿಗಳದ್ದೇ ಚಿಂತೆ. ಮಗುವನ್ನು ಆಯಾಳ ಕೈಗೆ ಒಪ್ಪಿಸಿಬಿಟ್ಟಿದ್ದಾಳೆ. ಸಿಟ್ಟು ಬಂದರೆ ಮೇರಿ ಆಯಾಳನ್ನು ಹೊಡೆಯುತ್ತಾಳೆ. ಒಂದು ದಿನ ಕಾಲರಾ ಬರುತ್ತದೆ, ರಾತ್ರೋರಾತ್ರಿ ಆಯಾ ಸತ್ತುಹೋಗುತ್ತಾಳೆ.

“ಚಿಕ್ಕಜ್ಜಿ, ಆ ಆಯಾ ಹೆಸರೇನು?” ಎಂದಳು ಹುಡುಗಿ.

ದೀಪ ಹಾಕಿ ಪುಸ್ತಕ ತೆಗೆದು ನೋಡಿದೆ. ಹೆಸರಿಲ್ಲ. ನಾನು ಈ ಪುಸ್ತಕವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ನನಗೆ ಈ ಪ್ರಶ್ನೆ ಹುಟ್ಟಿರಲಿಲ್ಲ.

ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ 1849ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗಲೇ ಮನೆಯವರೊಂದಿಗೆ ಅಮೆರಿಕಕ್ಕೆ ಹೋದವಳು. 1890ರಲ್ಲಿ ಹಿರಿಯ ಮಗನನ್ನು ಕ್ಷಯರೋಗಕ್ಕೆ ಕಳೆದುಕೊಂಡಳು. 1911ರಲ್ಲಿ ಬಂದ ಈ ಕಾದಂಬರಿಯಲ್ಲಿ, ತಾನು ಬದುಕುವುದಿಲ್ಲ ಎಂದು ನಂಬಿ ಹಾಸಿಗೆ ಹಿಡಿದ ಕಾಲಿನ್ ಎಂಬ ಹುಡುಗ ಎದ್ದು ಓಡಾಡುವಂತಾಗುತ್ತಾನೆ. ತನ್ನ ಮನೆಯಲ್ಲಿ ಆಗದೇ ಹೋದದ್ದನ್ನು ಆ ತಾಯಿ ಪುಸ್ತಕದಲ್ಲಿ ಆಗಿಸಿಕೊಂಡಳೇನೋ ಎಂದು ನನಗೆ ಅನ್ನಿಸುತ್ತದೆ.

ಕಥೆ ಮುಗಿದ ಮೇಲೆ ಹುಡುಗಿಗೆ ಸಿನಿಮಾವನ್ನೂ ನೋಡುವ ಆಸೆಯಾಯಿತು. ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ಮಗ ಹುಡುಕಿ ಮೂರು ಚಿತ್ರಗಳನ್ನು ಹಾಕಿಕೊಟ್ಟ. ಮೂರು ಸಂಜೆ, ಮೂರು ತೋಟ.

1949ರ ಚಿತ್ರ ಬಹುಪಾಲು ಕಪ್ಪುಬಿಳುಪು. ತೋಟದ ಕೆಲವು ದೃಶ್ಯಗಳಿಗೆ ಮಾತ್ರ ಬಣ್ಣ. ಬಾಗಿಲು ತೆರೆದು ಬಣ್ಣ ಕಂಡಾಗ ಹುಡುಗಿ “ಅಯ್ಯೋ!” ಎಂದು ಎದ್ದು ಕೂತಳು. ಮಕ್ಕಳಿಗೆ ಬೇಕಾದ ಮಾಯೆ ಇಷ್ಟೇ ಅಲ್ಲವೇ? 1993ರದ್ದು ಆಗ್ನಿಯೆಷ್ಕಾ ಹಾಲೆಂಡ್ ಎಂಬ ಪೋಲೆಂಡಿನ ಹೆಂಗಸು ನಿರ್ದೇಶಿಸಿದ್ದು. ಇದರಲ್ಲಿ ಕಾಲರಾ ಬದಲು ಭೂಕಂಪ. ಆದರೂ ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. ಮೊಳಕೆ ಮಣ್ಣನ್ನು ಒಡೆದುಕೊಂಡು ಮೇಲೆ ಬರುವುದನ್ನು, ಮೊಗ್ಗು ಬಿರಿಯುವುದನ್ನು ಕಣ್ಣೆದುರಿಗೇ ತೋರಿಸುತ್ತಾರೆ. ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಮೆಡ್ಲಾಕ್ ಆಗಿ ಮ್ಯಾಗಿ ಸ್ಮಿತ್ ಬಂದರೆ, ನಮ್ಮ ಶಾಲೆಗೆ ಇನ್ಸ್‌ಪೆಕ್ಷನ್ ಬಂದ ಹಾಗೆ ಬೆನ್ನು ನೆಟ್ಟಗಾಗುತ್ತದೆ.

2020ರ ಚಿತ್ರ ಕಥೆಯನ್ನು 1947ಕ್ಕೆ, ದೇಶ ವಿಭಜನೆಯ ಕಾಲಕ್ಕೆ ತಂದಿದೆ. ಇಲ್ಲಿ ತೋಟವೇ ಮಾಯಾಲೋಕ. ನೋಡಿದಷ್ಟೂ ಮುಗಿಯದಷ್ಟು ದೊಡ್ಡದು, ಮಗುವಿನ ಮನಸ್ಸಿಗೆ ತಕ್ಕಂತೆ ಎಲೆಗಳು ಬಣ್ಣ ತಿರುಗಿಸುತ್ತವೆ. ಕೊನೆಯಲ್ಲಿ ಮನೆಗೇ ಬೆಂಕಿ ಬೀಳುತ್ತದೆ. ನೋಡಲು ಚಂದವೇ ಚಂದ, ಅದನ್ನು ಅಲ್ಲಗಳೆಯಲಾರೆ. ಆದರೆ ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ.

ಕಾದಂಬರಿಯಲ್ಲಿಯೂ ‘ಮಾಯೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಅಲ್ಲಿ ಮಾಯೆಗೆ ಮೊದಲು ಗುದ್ದಲಿ ಬರುತ್ತದೆ. ಮೇರಿ ತನ್ನ ಕೈಗೆ ಬಂದ ಪುಡಿಗಾಸಿನಿಂದ ಸಣ್ಣ ಗುದ್ದಲಿ, ಬೀಜ ತರಿಸಿಕೊಳ್ಳುತ್ತಾಳೆ. ಕಳೆ ಕೀಳುತ್ತಾಳೆ. ಬೆನ್ನು ಬಗ್ಗಿಸಿ ದುಡಿದ ಮೇಲೆ ಹಸಿವಾಗುತ್ತದೆ, ಹಸಿವಾದ ಮೇಲೆ ಮೈಗೆ ರಕ್ತ ಬರುತ್ತದೆ, ಆಮೇಲೆ ಸಿಡುಕು ಇಳಿಯುತ್ತದೆ. ಇನ್ನೊಂದು ಗುಟ್ಟೂ ಇದೆ. ಬೀಗ ಹಾಕಿದ ಆ ತೋಟ ಹತ್ತು ವರ್ಷ ಪೂರ್ತಿ ಸಾಯದೆ ಉಳಿದದ್ದು ಸುಮ್ಮನೆ ಅಲ್ಲ. ಬೆನ್ ವೆದರ್‌ಸ್ಟಾಫ್ ಎಂಬ ಮುದಿ ಮಾಲಿ, ಸತ್ತ ಯಜಮಾನಿಗೆ ಕೊಟ್ಟ ಮಾತಿಗಾಗಿ, ಯಾರಿಗೂ ಕಾಣದಂತೆ ಗೋಡೆ ಹತ್ತಿ ಇಳಿದು ಗುಲಾಬಿ ಗಿಡಗಳನ್ನು ಸವರುತ್ತಿದ್ದ. ಕೀಲುನೋವು ಬಂದು ಹತ್ತಲಾರದ ತನಕವೂ ಹಾಗೆ ಮಾಡಿದ್ದ. 2020ರ ಚಿತ್ರದಲ್ಲಿ ಈ ಬೆನ್ ಇಲ್ಲವೇ ಇಲ್ಲ. ತೋಟವೇ ತನ್ನನ್ನು ತಾನು ನೋಡಿಕೊಳ್ಳುವ ಹಾಗಿದ್ದರೆ ಮಾಲಿ ಯಾಕೆ ಬೇಕು? ಮನೆಯಲ್ಲಿ ಪಾತ್ರೆ ತಾವೇ ಬೆಳಗಿಕೊಳ್ಳುತ್ತವೆ ಎಂದು ನಂಬಿದ ಗಂಡಸರ ಮಾತಿನ ಹಾಗಾಯಿತು ಇದು.

ಇನ್ನೊಂದು ಬದಲಾವಣೆ. ಕಾದಂಬರಿಯ ತಾಯಿಗೆ ಮಗಳು ಬೇಕಾಗಿರಲಿಲ್ಲ, ಅಷ್ಟೇ. ಲೇಖಕಿ ಯಾವ ಸಬೂಬನ್ನೂ ಕೊಡುವುದಿಲ್ಲ. ಹೊಸ ಚಿತ್ರ ಇವಳನ್ನೂ ಕಾಲಿನ್‌ನ ತಾಯಿಯನ್ನೂ ಅಕ್ಕತಂಗಿಯರನ್ನಾಗಿ ಮಾಡಿ, ಸೋದರಿ ಸತ್ತ ದುಃಖದಲ್ಲಿ ಮಗಳಿಂದ ದೂರವಾದಳು ಎನ್ನುತ್ತದೆ. ತಾಯಿಯಾದ ನನಗೆ ಇದು ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ತಾಯಿಯನ್ನು ಕ್ಷಮಿಸಲು ಇಷ್ಟು ಕಷ್ಟಪಟ್ಟವರು, ಆ ಮಗುವಿಗೆ ಬಟ್ಟೆ ತೊಡಿಸಿ, ಷೂ ಹಾಕಿ, ಪೆಟ್ಟು ತಿಂದವಳ ಕಡೆಗೂ ಅಷ್ಟು ಹೊತ್ತು ತಿರುಗಿ ನೋಡಬಹುದಿತ್ತಲ್ಲ!

ಪುಸ್ತಕದ ನಡುವೆ ಒಂದು ರಾತ್ರಿ ಬರುತ್ತದೆ. ಕಾಲಿನ್‌ಗೆ ನಿದ್ದೆ ಹತ್ತುವುದಿಲ್ಲ. ಮೇರಿ ಅವನ ಹಾಸಿಗೆಯ ಪಕ್ಕ ಕೂತು, ಕೈ ತಟ್ಟುತ್ತ, ಮೆಲ್ಲಗೆ ಹಿಂದೂಸ್ತಾನಿ ಹಾಡೊಂದನ್ನು ಗುನುಗಿ ಮಲಗಿಸುತ್ತಾಳೆ. ಇದೆಲ್ಲ ಆಯಾ ತನಗೆ ಮಾಡುತ್ತಿದ್ದದ್ದು. ಯಾರಿಗೂ ಬೇಡವಾದ ಹುಡುಗಿಗೆ ಇನ್ನೊಬ್ಬರನ್ನು ಸಂತೈಸುವುದು ಎಲ್ಲಿಂದ ಬಂತು ಎಂದರೆ, ಅವಳು ಕಪಾಳಕ್ಕೆ ಹೊಡೆದ ಆ ಹೆಂಗಸಿನಿಂದ. ಇದನ್ನು ಬರೆದ ಲೇಖಕಿಯೂ ಅಲ್ಲಿ ಒಂದು ಕ್ಷಣ ನಿಂತು ಯೋಚಿಸಿದಂತೆ ಕಾಣುವುದಿಲ್ಲ. ಕಾದಂಬರಿಯ ಮುಕ್ತಾಯದಲ್ಲಿ ಬೆನ್ ಇದ್ದಾನೆ, ಬೀಗದ ಕೈ ತೋರಿಸಿದ ಹಕ್ಕಿಗೂ ಒಂದು ಸ್ಥಾನವಿದೆ. ಆಯಾಳ ನೆನಪು ಯಾರಿಗೂ ಇಲ್ಲ.

ಸಿನಿಮಾದವರನ್ನೂ ಬರ್ನೆಟ್‌ಳನ್ನೂ ಬೈದು ಇಲ್ಲಿಗೇ ಮುಗಿಸಿದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಮಗ ಚಿಕ್ಕವನಿದ್ದಾಗ ನನಗೆ ಹಳ್ಳಿಯ ಶಾಲೆಯಲ್ಲಿ ಕೆಲಸ. ಏಳೂವರೆಯ ಬಸ್ಸು ತಪ್ಪಿದರೆ ಅರ್ಧ ದಿನದ ರಜೆ ಹೋಗುತ್ತಿತ್ತು. ಮಗುವನ್ನು ನೋಡಿಕೊಳ್ಳಲು ಪಕ್ಕದ ಬೀದಿಯ ವಯಸ್ಸಾದ ಹೆಂಗಸೊಬ್ಬರು ಬರುತ್ತಿದ್ದರು. ನಾವೆಲ್ಲ ‘ಅಜ್ಜಿ’ ಎನ್ನುತ್ತಿದ್ದೆವು. ಒಂದು ಬೆಳಿಗ್ಗೆ ಮಗ ಹಟ ಹಿಡಿದು ಸ್ಟೀಲ್ ಲೋಟ ಎತ್ತಿ ಅಜ್ಜಿಯ ಹಣೆಗೆ ಹೊಡೆದ. ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಒಳಗೆ ಹೋಗಿ ಅವನಿಗೆ ಗದರಲಿಲ್ಲ. ಅಜ್ಜಿಯನ್ನು ನೋವಾಯಿತೇ ಎಂದೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಅವರೇ “ನೀವ್ ಹೋಗ್ರವ್ವ, ಕೂಸಲ್ವಾ” ಎಂದರು. ಅಂದು ಶಾಲೆಯಲ್ಲಿ ಮಕ್ಕಳಿಗೆ ಹಿರಿಯರನ್ನು ಗೌರವಿಸಬೇಕು ಎಂದು ಪಾಠ ಮಾಡಿದ್ದೆನೋ ಏನೋ!

ಅವರು ತೀರಿಕೊಂಡು ವರ್ಷಗಳಾದವು. ಅವರ ಹೆಸರು ನನಗೆ ತಿಳಿದದ್ದು ಅವರು ಹೋದ ಮೇಲೆ.

ಮೂರನೆಯ ಚಿತ್ರ ಮುಗಿದ ರಾತ್ರಿ ಹುಡುಗಿ, “ಆ ಆಯಾ ಹಾಡು ಹೇಳು ಚಿಕ್ಕಜ್ಜಿ” ಎಂದಳು. ಅದು ನನಗೆ ಹೇಗೆ ಬರಬೇಕು? ಅಜ್ಜಿ ಮಗನನ್ನು ತಟ್ಟುತ್ತ ಹಾಡುತ್ತಿದ್ದ ಜೋಗುಳ ನೆನಪಿಗೆ ಬಂದು, ಅದನ್ನೇ ಎತ್ತಿಕೊಂಡೆ. ಎರಡು ಸಾಲು ಆಗುವಷ್ಟರಲ್ಲಿ ನಿಂತುಹೋಯಿತು. ಹಾಡುವ ಹೊತ್ತಿನಲ್ಲಿ ನಾನು ಮನೆಯಲ್ಲಿ ಇರುತ್ತಿದ್ದದ್ದಾದರೂ ಎಲ್ಲಿ? ಉಳಿದದ್ದಕ್ಕೆ ಪಕ್ಕದ ಕೋಣೆಯಿಂದ ಮಗನನ್ನು ಕರೆಯಬೇಕಾಯಿತು. ಅವನಿಗೆ ಅದು ಪೂರ್ತಿ ಬರುತ್ತದೆ.