ನೆರಳಿಲ್ಲದ ಸೂರ್ಯ

ಚದುರಂಗವೆಂದರೆ ನಾಲ್ಕು ಅಂಗಗಳ ಸೇನೆ: ಆನೆ, ಕುದುರೆ, ರಥ, ಕಾಲಾಳು. ಮನೆಯಲ್ಲಿ ಉರ್ದು ಮಾತಾಡುವ ನಾವು ಅದನ್ನೇ ಶತರಂಜ್ ಎನ್ನುತ್ತೇವೆ. ಯುದ್ಧವನ್ನು ಆಟವಾಗಿ ಆಡುವುದು ಹೊಸತೇನಲ್ಲ. ಆದರೆ ಆ ಮಣೆಯ ಮೇಲೆ ರೈತನಿಲ್ಲ, ಅಂಗಡಿಯವನಿಲ್ಲ, ನೀರು ತರುವ ಹೆಂಗಸಿಲ್ಲ. ಸೈನಿಕರ ತರಬೇತಿಗೆಂದು ರೂಪಿಸಿದ ಇಂದಿನ ಕಂಪ್ಯೂಟರ್ ಆಟಗಳಲ್ಲಿ ಅವರೂ ಇದ್ದಾರೆ. ಏನಾಗಿ ಇದ್ದಾರೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮನ್ನು ಎದುರಾಗಿಸುವುದು ಜರ್ಮನಿಯ ಚಿತ್ರ ನಿರ್ದೇಶಕ ಹಾರುನ್ ಫರೋಕಿ ಅವರ ‘ಸೀರಿಯಸ್ ಗೇಮ್ಸ್’ (2009-10) ಎಂಬ ನಾಲ್ಕು ಭಾಗಗಳ ವೀಡಿಯೊ ಕೃತಿ. 2014ರಲ್ಲಿ ತೀರಿಕೊಂಡ ಫರೋಕಿ ಅವರ ತಂದೆ ಭಾರತದಿಂದ ಜರ್ಮನಿಗೆ ಹೋದವರು.

ಮೊದಲ ಭಾಗದಲ್ಲಿ ಕ್ಯಾಲಿಫೋರ್ನಿಯಾದ ನೌಕಾ ಸೈನಿಕರು ಲ್ಯಾಪ್‌ಟಾಪ್‌ಗಳ ಮುಂದೆ ಕುಳಿತು ಅಫ್ಘಾನಿಸ್ತಾನದ ಬೆಟ್ಟದ ದಾರಿಯಲ್ಲಿ ವಾಹನ ಓಡಿಸುತ್ತಾರೆ. ತರಬೇತುದಾರ ತನ್ನ ಕಂಪ್ಯೂಟರ್‌ನಿಂದ ಆ ದಾರಿಯಲ್ಲಿ ಬಾಂಬು ಇಡುತ್ತಾನೆ, ಶತ್ರುವನ್ನು ನಿಲ್ಲಿಸುತ್ತಾನೆ. ವಾಟ್ಸನ್ ಎಂಬ ಸೈನಿಕ ಆಟದಲ್ಲಿ ಸಾಯುತ್ತಾನೆ. ಇನ್ನೊಂದು ಭಾಗದಲ್ಲಿ ಕಂಟೇನರ್‌ಗಳಿಂದ ಕಟ್ಟಿದ ಊರು. ಇರಾಕಿ, ಅಫ್ಘಾನ್ ಜನರಾಗಿ ನಟಿಸಲು ಸುಮಾರು 300 ಮಂದಿ. ಮತ್ತೊಂದರಲ್ಲಿ ಯುದ್ಧದಿಂದ ಮನಸ್ಸು ಮುರಿದ ಸೈನಿಕನಿಗೆ ಅಂಥದ್ದೇ ಕಂಪ್ಯೂಟರ್ ಚಿತ್ರಗಳಿಂದ ಚಿಕಿತ್ಸೆ. ಅವನ ಸಂಕಟ ನೋಡಿ ನಾವು ಕರಗುತ್ತಿರುವಾಗಲೇ, ಅದು ವೈದ್ಯರಿಗೆ ತೋರಿಸಿದ ಅಭಿನಯ ಎಂದು ತಿಳಿಯುತ್ತದೆ.

ಕೊನೆಯ ಭಾಗ ಒಂದು ಸಣ್ಣ ಸಂಗತಿಯನ್ನು ಹೇಳುತ್ತದೆ. ತರಬೇತಿಯ ಆಟದಲ್ಲಿ ವಸ್ತುಗಳಿಗೆ ನೆರಳಿದೆ. ಚಿಕಿತ್ಸೆಯದರಲ್ಲಿ ಇಲ್ಲ, ಏಕೆಂದರೆ ಅದು ಕಡಿಮೆ ಖರ್ಚಿನದು. ಕೊಲ್ಲಲು ಕಲಿಸುವುದಕ್ಕೆ ಸುರಿದಷ್ಟು ಹಣವನ್ನು ನೆನಪಿನ ಗಾಯ ಮಾಯಿಸಲು ಸುರಿಯುವುದಿಲ್ಲ. ಕೂಗಾಡದೆ, ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಇದನ್ನು ತೋರಿಸಿರುವುದೇ ಫರೋಕಿ ಅವರ ಹೆಚ್ಚುಗಾರಿಕೆ.

ತರಬೇತಿಯೇ ತಪ್ಪೆಂದು ನಾವು ಹೇಳುತ್ತಿಲ್ಲ. ಆಟದಲ್ಲಿ ಎಡವಿ ಕಲಿತವನು ರಣರಂಗದಲ್ಲಿ ಬದುಕಿ ಉಳಿಯಬಹುದು. ಅವನಿಗೂ ತಾಯಿ ಇದ್ದಾಳೆ. ಆದರೆ ಸತ್ತ ವಾಟ್ಸನ್‌ಗೆ ಹೆಸರಿದೆ, ಪರದೆಯ ಹಳ್ಳಿಗರಿಗಿಲ್ಲ. ದಾರಿಯಲ್ಲಿ ಸಿಗುವ ಪ್ರತಿಯೊಬ್ಬನೂ ಅಪಾಯವೋ ಅಲ್ಲವೋ ಎಂದಷ್ಟೇ ನೋಡಲು ಕಲಿತ ಕಣ್ಣು, ನಿಜವಾದ ಬೀದಿಯಲ್ಲಿ ನಿಜವಾದ ಹುಡುಗನನ್ನು ಹೇಗೆ ನೋಡೀತು?

ಈ ಕೃತಿಯ ಬಗ್ಗೆಯೂ ನಮಗೊಂದು ತಕರಾರಿದೆ. ಅದರ ಕ್ಯಾಮೆರಾ ಅಮೆರಿಕದ ಸೇನಾ ನೆಲೆಗಳನ್ನು ದಾಟಿ ಹೋಗುವುದಿಲ್ಲ. ಬಾಂಬು ನಿಜವಾಗಿ ಸಿಡಿದ ಮನೆಗಳಲ್ಲಿ ಉಳಿದವರು ಅಲ್ಲಿ ಮಾತಾಡುವುದಿಲ್ಲ. ಅವರ ಪಾಲಿಗೆ ನೆರಳಿರುವ ಆಟವೂ ಇಲ್ಲ, ನೆರಳಿಲ್ಲದ ಚಿಕಿತ್ಸೆಯೂ ಇಲ್ಲ. ಅವರ ಕತೆ ಬರೆಯುವ ಕೆಲಸ ನಮ್ಮಂಥವರಿಗೆ ಉಳಿದಿದೆ.