ಪ್ರತಿಕೃತಿಯೂ ಇದೆ, ಗೋರಿಯೂ ತೆರೆದಿದೆ

ಈಜಿಪ್ಟಿನ ಲಕ್ಸರ್ ಬಳಿ, ರಾಜರ ಕಣಿವೆಗೆ ಹೋಗುವ ದಾರಿಯಲ್ಲಿ, ದೊರೆ ಟುಟಾಂಖಾಮನ್‌ನ ಗೋರಿಯನ್ನು ಪತ್ತೆಹಚ್ಚಿದ ಹೊವಾರ್ಡ್ ಕಾರ್ಟರ್ ವಾಸವಿದ್ದ ಮನೆಯ ಪಕ್ಕದಲ್ಲೇ ಆ ದೊರೆಯ ಎರಡನೆಯ ಗೋರಿ ಇದೆ. ಮ್ಯಾಡ್ರಿಡ್‌ನ ಫ್ಯಾಕ್ಟಮ್ ಆರ್ಟೆ ಸಂಸ್ಥೆ ಮೂಲ ಗೋರಿಯನ್ನು 2009ರಲ್ಲಿ ಸ್ಕ್ಯಾನ್ ಮಾಡಿ ತಯಾರಿಸಿದ ಪ್ರತಿಕೃತಿ ಅದು. 2014ರ ಏಪ್ರಿಲ್ ಕೊನೆಗೆ ಅದು ಜನರಿಗೆ ತೆರೆಯಿತು. ಪ್ರವಾಸಿಗರು ಇಲ್ಲಿ ನೋಡಲಿ, ಮೂಲ ಗೋರಿಯ ಗೋಡೆಗಳು ಉಳಿಯಲಿ ಎಂಬುದು ಆಶಯ.

ಕುಶಲತೆಯಲ್ಲಿ ಕೊರತೆಯಿಲ್ಲ. ಗೋಡೆಯ ಉಬ್ಬುತಗ್ಗು, ಬಣ್ಣದ ಬಿರುಕು, ಕಂದು ಚುಕ್ಕೆಗಳು ಕೂಡ ಇದ್ದ ಹಾಗೇ ಮೂಡಿವೆ. ಒಂದು ವಿಷಯದಲ್ಲಂತೂ ಇದು ಮೂಲಕ್ಕಿಂತ ಹೆಚ್ಚು ತೋರಿಸುತ್ತದೆ. ಶವಪೆಟ್ಟಿಗೆಯನ್ನು ಸುತ್ತುವರಿದಿದ್ದ ಚಿನ್ನದ ಮಂಟಪಗಳನ್ನು ಹೊರತರಲು ಕಾರ್ಟರ್ ತಂಡ ದಕ್ಷಿಣದ ಗೋಡೆಯ ಒಂದು ಭಾಗವನ್ನು ಒಡೆದಿತ್ತು; ಐಸಿಸ್ ದೇವಿಯ ಚಿತ್ರ ಅದರೊಂದಿಗೇ ಹೋಯಿತು. ತಂಡದ ಛಾಯಾಗ್ರಾಹಕ ಹ್ಯಾರಿ ಬರ್ಟನ್ ಆಗ ತೆಗೆದಿದ್ದ ಫೋಟೊಗಳ ನೆರವಿನಿಂದ ಆ ತುಂಡನ್ನು ಮರುಸೃಷ್ಟಿಸಿ ಇಲ್ಲಿಟ್ಟಿದ್ದಾರೆ. ಮೂಲ ಗೋರಿಯಲ್ಲಿ ನಿಂತವರಿಗೆ ಇದು ಕಾಣಸಿಗದು.

ಆದರೂ ರಕ್ಷಣೆಯ ಕ್ರಮವಾಗಿ ಇದು ಸೋತಿದೆ ಎಂದೇ ಹೇಳಬೇಕು. ಫ್ರಾನ್ಸಿನಲ್ಲಿ ಪ್ರಾಚೀನ ಚಿತ್ರಗಳಿರುವ ಲಾಸ್ಕೊ ಗುಹೆಯನ್ನು 1963ರಲ್ಲಿ ಸಾರ್ವಜನಿಕರಿಗೆ ಮುಚ್ಚಿದರು; ಪ್ರತಿಕೃತಿ ಬಂದದ್ದು 1983ರಲ್ಲಿ. ಟುಟಾಂಖಾಮನ್‌ನ ಮೂಲ ಗೋರಿಗೆ ಮಾತ್ರ ಶಾಶ್ವತ ಬೀಗ ಬೀಳಲಿಲ್ಲ. ಪ್ರತ್ಯೇಕ ಟಿಕೆಟ್ ಕೊಂಡರೆ ಅದನ್ನೂ ನೋಡಬಹುದು. ಹಾಗಾಗಿ ಪ್ರತಿಕೃತಿ ನೋಡಬೇಕಾದ ಜಾಗಗಳ ಪಟ್ಟಿಗೆ ಇನ್ನೊಂದು ಸೇರ್ಪಡೆಯಾಯಿತು, ಅಷ್ಟೇ.

ಗೆಟ್ಟಿ ಸಂರಕ್ಷಣಾ ಸಂಸ್ಥೆ ಈಜಿಪ್ಟ್ ಸರ್ಕಾರದ ಜೊತೆ 2009ರಿಂದ 2019ರವರೆಗೆ ಮೂಲ ಗೋರಿಯಲ್ಲಿ ಕೆಲಸ ಮಾಡಿತು. ಕಂದು ಚುಕ್ಕೆಗಳು ಎಂದೋ ಸತ್ತ ಸೂಕ್ಷ್ಮಜೀವಿಗಳ ಗುರುತು. ಬರ್ಟನ್‌ನ ಫೋಟೊಗಳ ಕಾಲದಿಂದ ಅವು ಬೆಳೆದಿಲ್ಲ ಎಂದು ಗೊತ್ತಾಯಿತು. ನಿಜವಾದ ತೊಂದರೆ ಬಂದದ್ದು ನಮ್ಮಂಥವರಿಂದ. ಚಪ್ಪಲಿ, ಬಟ್ಟೆಗಳ ಜೊತೆ ಒಳಬಂದ ಧೂಳು ಒರಟು ಗೋಡೆಗಳ ಮೇಲೆ ಕೂರುತ್ತದೆ. ಅದನ್ನು ತೆಗೆಯಹೋದರೆ ಬಣ್ಣವೇ ಕಿತ್ತುಬರುವ ಭಯ. ಉಸಿರು, ಬೆವರಿನ ತೇವ ಬೇರೆ. ಗೆಟ್ಟಿ ತಂಡ ಗಾಳಿಯಾಡುವ ಹೊಸ ವ್ಯವಸ್ಥೆ, ನಡೆಹಲಗೆ, ತಡೆಗಂಬಿಗಳನ್ನು ಹಾಕಿಸಿತು. ಒಳ್ಳೆಯ ಕೆಲಸ. ಆದರೆ ಗಾಳಿಯಂತ್ರ ತಾಳಿಕೊಳ್ಳುವುದಕ್ಕೂ ಒಂದು ಮಿತಿ ಇದೆ.

ಮೇಲಾಗಿ, ಇಪ್ಪತ್ತು ತುಂಬುವ ಮೊದಲೇ ತೀರಿಹೋದ ಆ ದೊರೆಯ ದೇಹ ಇವತ್ತಿಗೂ ಮೂಲ ಗೋರಿಯಲ್ಲೇ ಇದೆ, 2007ರಿಂದ ಗಾಜಿನ ಪೆಟ್ಟಿಗೆಯಲ್ಲಿ. ಹೆಣ ಮಲಗಿರುವ ಮನೆಗೆ ದಿನವಿಡೀ ಜನರನ್ನು ನುಗ್ಗಿಸುವುದು ಬಣ್ಣದ ಗೋಡೆ ಉಳಿದರೂ ತಪ್ಪೇ ಎಂದು ನನಗನಿಸುತ್ತದೆ.

ಬರುವವರ ಸಂಖ್ಯೆಗೆ ಮಿತಿ ಹಾಕುವುದು ಹೊಸದೇನಲ್ಲ. ಪಕ್ಕದ ರಾಣಿಯರ ಕಣಿವೆಯಲ್ಲಿ ನೆಫರ್‌ತಾರಿ ಗೋರಿಯನ್ನು 1995ರಲ್ಲಿ ಮತ್ತೆ ತೆರೆದಾಗ ದಿನಕ್ಕೆ 150 ಮಂದಿ ಎಂದು ಮಿತಿ ಹಾಕಿದ್ದರು. 2003ರಲ್ಲಿ ಮುಚ್ಚಿದರು, ಆಮೇಲೆ ದುಬಾರಿ ಟಿಕೆಟ್ ಇಟ್ಟು ತೆರೆದರು. ಬೆಲೆ ಏರಿಸಿದರೆ ಜನ ಕಡಿಮೆಯಾಗಬಹುದು, ಆದರೆ ಹಣವಿದ್ದವರು ಎಷ್ಟು ಬಂದರೆ ಗೋಡೆ ಕೆಡುತ್ತದೆ ಎಂಬ ಲೆಕ್ಕ ಅದರಲ್ಲಿಲ್ಲ. ಟುಟಾಂಖಾಮನ್ ಗೋರಿಗೂ ದಿನಕ್ಕೆ ಇಂತಿಷ್ಟೇ ಮಂದಿ ಎಂಬ ಮಿತಿಯೇ ಬೇಕು: ಅಳತೆ ಮಾಡಿದ ತೇವ, ಧೂಳಿನ ಮೇಲೆ ನಿಂತ ಲೆಕ್ಕ. ವರ್ಷದಲ್ಲಿ ಕೆಲವು ತಿಂಗಳು ಪೂರ್ತಿ ಬಾಗಿಲು ಹಾಕಬೇಕು. ಆಗ ಬಂದವರನ್ನೆಲ್ಲ ಕಾರ್ಟರ್ ಮನೆಯ ಕಡೆಗೆ ಕಳಿಸಬಹುದು.