‘ನೀರು ಹಾಕಿ, ಹೊರಡಿ’: ಬೇಸಿಗೆಯ ಕಾರು ಸಲಹೆಗಳ ಒಂದು ವಿಮರ್ಶೆ

ಪ್ರತಿ ವರ್ಷ ಮಾರ್ಚ್ ತಿಂಗಳು ಬರುತ್ತಿದ್ದಂತೆ ಪತ್ರಿಕೆಗಳ ಪುರವಣಿಗಳಲ್ಲಿ, ಸರ್ವಿಸ್ ಕೇಂದ್ರಗಳು ಹಂಚುವ ಕರಪತ್ರಗಳಲ್ಲಿ, ಗ್ಯಾರೇಜುಗಳ ಗೋಡೆಗಳ ಮೇಲೆ ಒಂದು ಬಗೆಯ ಬರಹ ಕಾಣಿಸಿಕೊಳ್ಳುತ್ತದೆ. ‘ಬೇಸಿಗೆಯಲ್ಲಿ ಕಾರಿನ ಆರೈಕೆ’ ಎಂಬಂಥ ತಲೆಬರಹ, ಅದರ ಕೆಳಗೆ ಐದಾರು ಸೂಚನೆಗಳು. ಉದ್ದೇಶ ಒಳ್ಳೆಯದೇ. ಆದರೆ ತಾಂತ್ರಿಕ ಬರಹವಾಗಿ ಇವನ್ನು ಯಾರೂ ಪರೀಕ್ಷಿಸುವುದಿಲ್ಲ. ಕಥೆ, ಕಾದಂಬರಿಗಳಿಗೆ ವಿಮರ್ಶೆ ಉಂಟು. ಸಾವಿರಾರು ಮಂದಿ ಓದಿ ಅದರಂತೆಯೇ ನಡೆಯುವ ಈ ಪುಟ್ಟ ಬರಹಗಳಿಗೆ ಇಲ್ಲ. ಒಂದು ತಪ್ಪು ಸಾಲಿನಿಂದ ಎಂಜಿನ್ನಿನ ಹೆಡ್ ಬಾಗಬಹುದು, ಬಾಡಿಗೆ ಕಾರನ್ನೇ ನಂಬಿದ ಮನೆಯ ಕೆಲವು ತಿಂಗಳ ದುಡಿಮೆ ಹೋಗಬಹುದು, ಮುಖ ಸುಡಬಹುದು. ಆದ್ದರಿಂದ ಇವುಗಳ ವಿಮರ್ಶೆ ಅಗತ್ಯ.

ಒರೆಗಲ್ಲಾಗಿ ಕಲಬುರಗಿಯ ಸೇಡಂ ರಸ್ತೆಯನ್ನು ತೆಗೆದುಕೊಳ್ಳೋಣ. ಏಪ್ರಿಲ್–ಮೇ ತಿಂಗಳುಗಳಲ್ಲಿ ಇಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇನಲ್ಲ; ಕೆಲವು ದಿನ ಉಷ್ಣತೆ 45ರ ಸಮೀಪಕ್ಕೂ ಹೋಗುತ್ತದೆ. ಊರೊಳಗೆ ನಿಂತು ನಿಂತು ಸಾಗುವ ಸಂಚಾರ. ವಿಶ್ವವಿದ್ಯಾಲಯ, ವಿಮಾನ ನಿಲ್ದಾಣಗಳ ಕಡೆಗೆ ಹೋಗುವ ವಾಹನಗಳು. ಮುಂದೆ ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಲಾರಿಗಳು, ಅವು ಎಬ್ಬಿಸುವ ದೂಳು. ಎಂಜಿನ್ನನ್ನು ಕಾಯಿಸುವ ಕಾರಣಗಳೆಲ್ಲ ಒಂದೇ ರಸ್ತೆಯಲ್ಲಿ ಸೇರಿವೆ.

ಸಲಹೆಗಳು ಬಿಟ್ಟುಬಿಡುವ ಲೆಕ್ಕ

ಇಂಧನ ಉರಿದು ಬರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಭಾಗ ತಂಪು ವ್ಯವಸ್ಥೆಯ ಮೂಲಕ ಹೊರಹೋಗಬೇಕು. ರೇಡಿಯೇಟರಿನಿಂದ ಗಾಳಿಗೆ ದಾಟುವ ಉಷ್ಣದ ಪ್ರಮಾಣ ದ್ರವದ ಮತ್ತು ಗಾಳಿಯ ಉಷ್ಣತೆಗಳ ನಡುವಿನ ವ್ಯತ್ಯಾಸವನ್ನು ಅವಲಂಬಿಸಿದೆ. ದ್ರವ 90 ಡಿಗ್ರಿ, ಗಾಳಿ 25 ಡಿಗ್ರಿ ಇದ್ದಾಗ ವ್ಯತ್ಯಾಸ 65. ಗಾಳಿ 45 ಡಿಗ್ರಿಗೆ ಏರಿದರೆ ವ್ಯತ್ಯಾಸ 45ಕ್ಕೆ ಇಳಿಯುತ್ತದೆ. ಬೇರೆಲ್ಲವೂ ಸಮನಾಗಿದ್ದರೂ ರೇಡಿಯೇಟರಿನ ಸಾಮರ್ಥ್ಯದಲ್ಲಿ ಶೇಕಡ 30ರಷ್ಟು ಕಡಿತವಾಯಿತು. ಇದರ ಮೇಲೆ ಏ.ಸಿ. ಹಾಕಿದರೆ ಅದರ ಕಂಡೆನ್ಸರ್ ಸಾಮಾನ್ಯವಾಗಿ ರೇಡಿಯೇಟರಿನ ಮುಂದೆಯೇ ಇರುವುದರಿಂದ, ಮೊದಲೇ ಕಾದ ಗಾಳಿ ಹಿಂದಕ್ಕೆ ಬರುತ್ತದೆ. ವಾಹನ ನಿಂತಾಗ ಎದುರುಗಾಳಿಯೂ ಇಲ್ಲ. ಫ್ಯಾನ್ ಒಂದೇ ಆಧಾರ.

ತಯಾರಕರು ಇದನ್ನೆಲ್ಲ ಲೆಕ್ಕಹಾಕಿಯೇ ವ್ಯವಸ್ಥೆಯನ್ನು ರೂಪಿಸಿರುತ್ತಾರೆ. ಆದ್ದರಿಂದ ಸುಸ್ಥಿತಿಯಲ್ಲಿರುವ ಕಾರು ಕಲಬುರಗಿಯ ಬಿಸಿಲಿಗೂ ಕುದಿಯಬಾರದು. ಕುದಿದರೆ ಬಿಸಿಲು ಕೇವಲ ನೆಪ. ಚಳಿಗಾಲದಲ್ಲಿ ಮರೆಯಲ್ಲಿದ್ದ ದೋಷವನ್ನು ಬೇಸಿಗೆ ಬಯಲಿಗೆ ತಂದಿದೆ, ಅಷ್ಟೆ. ನಾವು ನೋಡುವ ಬಹುಪಾಲು ಸಲಹೆಗಳು ಈ ಮೂಲ ಮಾತನ್ನು ಹೇಳದೆ ನೇರವಾಗಿ ಉಪಾಯಕ್ಕೆ ಹಾರುತ್ತವೆ.

‘ದಿನವೂ ರೇಡಿಯೇಟರಿಗೆ ನೀರು ಹಾಕಿ’

ಎಲ್ಲಕ್ಕಿಂತ ಹೆಚ್ಚು ಕಾಣುವ ಸೂಚನೆ ಇದು. ಒಂದು ಕಾಲಕ್ಕೆ ಇದು ಸರಿಯಾಗಿತ್ತು. 2014ರವರೆಗೆ ತಯಾರಾದ ಅಂಬಾಸಿಡರ್‌ನ ಹಳೆಯ ಮಾದರಿಗಳ ಕಾಲದಲ್ಲಿ ರೇಡಿಯೇಟರು ತಾಮ್ರ–ಹಿತ್ತಾಳೆಯದು, ಎಂಜಿನ್ ಬೀಡು ಕಬ್ಬಿಣದ್ದು. ಆವಿಯಾಗಿ ಹೋದ ನೀರನ್ನು ತುಂಬುವುದು ಚಾಲಕನ ನಿತ್ಯಕರ್ಮ. ತೂತು ಬಿದ್ದರೆ ಬೆಸುಗೆ ಹಾಕಿದರಾಯಿತು. ಇಂದಿನ ಕಾರುಗಳಲ್ಲಿ ಅಲ್ಯೂಮಿನಿಯಂ ರೇಡಿಯೇಟರ್, ಪ್ಲಾಸ್ಟಿಕ್ ತೊಟ್ಟಿ, ಒತ್ತಡದಲ್ಲಿ ಮುಚ್ಚಿದ ಮಂಡಲ ಇವೆ. ಉಕ್ಕಿದ ದ್ರವ ಪಕ್ಕದ ಡಬ್ಬಿಗೆ ಹೋಗಿ, ತಣಿದ ಮೇಲೆ ಹಿಂದಿರುಗುತ್ತದೆ. ಇಂಥ ಮಂಡಲದಲ್ಲಿ ದ್ರವ ವಾರವಾರವೂ ಕಡಿಮೆಯಾಗುವುದು ರೋಗದ ಲಕ್ಷಣ. ಹೋಸ್ ಸೋರುತ್ತಿರಬಹುದು, ಪಂಪಿನ ಸೀಲ್ ಹೋಗಿರಬಹುದು, ಇಲ್ಲವೆ ಹೆಡ್ ಗ್ಯಾಸ್ಕೆಟ್ ಬಿಟ್ಟಿರಬಹುದು. ‘ನೀರು ಹಾಕಿ, ಹೊರಡಿ’ ಎನ್ನುವವರು ಲಕ್ಷಣವನ್ನು ಅಳಿಸಿ ರೋಗವನ್ನು ಹಾಗೆಯೇ ಬಿಡುತ್ತಾರೆ.

ಎರಡನೆಯ ಆಕ್ಷೇಪ, ಯಾವ ನೀರು ಎಂಬುದನ್ನು ಹೇಳದಿರುವುದು. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತಿನ ನೆಲ ಸುಣ್ಣಕಲ್ಲಿನದು. ಸಿಮೆಂಟ್ ಕಾರ್ಖಾನೆಗಳು ಬಂದದ್ದೂ, ಶಹಾಬಾದ್ ಕಲ್ಲು ಹೆಸರಾದದ್ದೂ ಅದರಿಂದಲೇ. ಅಂಥ ನೆಲದ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕಾರ್ಬೊನೇಟ್ ಆಗಿ ಗೋಡೆಗೆ ಅಂಟುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯ ಒಳಗೆ ಕಾಣುವ ಬಿಳಿಯ ಪೊರೆ ಇದೇ. ಈ ಪೊರೆಯ ಉಷ್ಣವಾಹಕತೆ ಅಲ್ಯೂಮಿನಿಯಂಗಿಂತ ಹಲವು ಹತ್ತು ಪಟ್ಟು ಕಡಿಮೆ. ಹಂಡೆಯಲ್ಲಿ ಕಟ್ಟಿದರೆ ಸೌದೆ ಹೆಚ್ಚು ಬೇಕಾದೀತು. ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿದರೆ ಹರಿವೇ ನಿಲ್ಲುತ್ತದೆ. ತುರ್ತಿಗೆ ಯಾವ ನೀರಾದರೂ ಸರಿ. ಆದರೆ ಆಮೇಲೆ ಅದನ್ನು ಬಸಿದು ತೊಳೆಯಬೇಕು. ಮಾಮೂಲಿಗೆ ಬೇಕಾದುದು ಭಟ್ಟಿ ಇಳಿಸಿದ ನೀರು. ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ಆದರೆ ಬ್ಯಾಟರಿ ಆ್ಯಸಿಡ್ ಅಲ್ಲ ಎಂಬುದನ್ನು ಡಬ್ಬಿಯ ಮೇಲೆ ಓದಿಕೊಳ್ಳಬೇಕು.

ಹೆಸರುಗಳೇ ಹುಟ್ಟಿಸುವ ಭ್ರಮೆ

‘ಕೂಲಂಟ್ ಹಾಕಿದರೆ ಎಂಜಿನ್ ತಂಪಾಗಿರುತ್ತದೆ’ ಎಂಬ ವಾಕ್ಯ ಅರ್ಧ ಸತ್ಯ. ಉಷ್ಣವನ್ನು ಹೊತ್ತೊಯ್ಯುವುದರಲ್ಲಿ ಬರಿಯ ನೀರೇ ಮೇಲು. ಎಥಿಲೀನ್ ಗ್ಲೈಕಾಲ್ ಸೇರಿಸಿದಾಗ ವಿಶಿಷ್ಟೋಷ್ಣ ಇಳಿಯುತ್ತದೆ. ಹಾಗಾದರೆ ಅದನ್ನು ಹಾಕುವುದೇಕೆ? ಒಂದು, ಕುದಿಬಿಂದು ಏರುತ್ತದೆ; ಸಮಪಾಲಿನ ಮಿಶ್ರಣ ಸಾಮಾನ್ಯ ಒತ್ತಡದಲ್ಲೇ ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ. ಎರಡು, ಇದು ಹೆಚ್ಚು ಮುಖ್ಯ: ಅದರಲ್ಲಿರುವ ತುಕ್ಕುನಿರೋಧಕಗಳು ಅಲ್ಯೂಮಿನಿಯಂ, ಕಬ್ಬಿಣ, ಬೆಸುಗೆ ಇವೆಲ್ಲ ಒಂದೇ ದ್ರವದಲ್ಲಿ ಮುಳುಗಿರುವಾಗ ಆಗುವ ಸವೆತವನ್ನು ತಡೆಯುತ್ತವೆ. ಈ ನಿರೋಧಕಗಳು ಕಾಲಕ್ರಮದಲ್ಲಿ ಮುಗಿದುಹೋಗುತ್ತವೆ. ಡಬ್ಬಿ ತುಂಬಿದ್ದರೂ ದ್ರವ ಹಳತಾದರೆ ಬದಲಿಸಬೇಕೆನ್ನುವುದು ಅದಕ್ಕಾಗಿ. ‘ತಂಪು’ ಎಂಬ ಪದದ ಹಿಂದೆ ಹೋದ ಓದುಗನಿಗೆ ಈ ಕಾರಣ ಸಿಗುವುದೇ ಇಲ್ಲ. ಹೆಚ್ಚು ಗಾಢವಾದಷ್ಟೂ ಹೆಚ್ಚು ತಂಪು ಎಂದು ನೀರು ಬೆರೆಸದೆ ಸುರಿಯುವವರೂ ಇದ್ದಾರೆ, ಅದು ತಪ್ಪು.

ಇದೇ ದ್ರವಕ್ಕೆ ‘ಆಂಟಿಫ್ರೀಜ್’ ಎಂದೂ ಹೆಸರು. ಕೆಲವು ಅನುವಾದಗಳಲ್ಲಿ ಇದು ಹೆಪ್ಪುರೋಧಕವಾಗುತ್ತದೆ. ಚಳಿದೇಶದ ಅಗತ್ಯದಿಂದ ಬಂದ ಈ ಹೆಸರನ್ನು ಓದಿ, ‘ನಮ್ಮ ಊರಾಗ ನೀರೆಲ್ಲಿ ಹೆಪ್ಪುಗಟ್ತದ್ರೀ?’ ಎಂದು ಕಲಬುರಗಿಯ ಚಾಲಕ ಕೇಳಿದರೆ ತಪ್ಪು ಅವನದಲ್ಲ, ಅನುವಾದಕನದು. ಇನ್ನು ‘ವಿಕಿರಕ’. ರೇಡಿಯೇಟರಿನಲ್ಲಿ ಉಷ್ಣ ಹೊರಹೋಗುವುದು ಬಹುಪಾಲು ಸಂವಹನದಿಂದ, ಅಂದರೆ ಹಾದುಹೋಗುವ ಗಾಳಿಯಿಂದ. ವಿಕಿರಣದ ಪಾಲು ಅಲ್ಪ. ಮೂಲದ ಹೆಸರಿನ ತಪ್ಪನ್ನು ನಾವು ಸಂಸ್ಕೃತಕ್ಕೆ ತಿರುಗಿಸಿ ಶಾಶ್ವತ ಮಾಡಬೇಕಿಲ್ಲ. ಗಾಳಿ ಮುಖ್ಯವೆಂದು ತಿಳಿದವನು ಮಾತ್ರ ರೇಡಿಯೇಟರಿನ ತೆಳು ಪಟ್ಟಿಗಳ ನಡುವೆ ಸೇರಿದ ದೂಳು, ಹೊಟ್ಟು, ಹುಳುಗಳನ್ನು ತೆಗೆಸುತ್ತಾನೆ. ತೊಳೆಯುವಾಗ ನೀರಿನ ಒತ್ತಡ ಮೆದುವಾಗಿರಬೇಕು, ಎಂಜಿನ್ನಿನ ಕಡೆಯಿಂದ ಹೊರಮುಖವಾಗಿರಬೇಕು. ಸೇಡಂ ರಸ್ತೆಯ ದೂಳಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ. ಆದರೂ ಈ ಮಾತು ಕರಪತ್ರಗಳಲ್ಲಿ ಅಪರೂಪ.

ಥರ್ಮೋಸ್ಟಾಟ್ ತೆಗೆಸುವ ಉಪದೇಶ

‘ನಮ್ಮ ಬಿಸಿಲಿಗೆ ಅದೇಕೆ?’ ಎಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವ ಪದ್ಧತಿ ಬಿಸಿಲುನಾಡಿನಲ್ಲೆಲ್ಲ ಇದೆ. ಮೇಣ ಹಿಗ್ಗಿ ತೆರೆಯುವ ಈ ಕವಾಟ ಬಹಳಷ್ಟು ಕಾರುಗಳಲ್ಲಿ 82–88 ಡಿಗ್ರಿಯ ಸುಮಾರಿಗೆ ತೆರೆದುಕೊಳ್ಳುತ್ತದೆ. ಕಾದ ಎಂಜಿನ್ನಿನಲ್ಲಿ ಅದು ಹೇಗೂ ತೆರೆದೇ ಇರುವುದರಿಂದ ತೆಗೆದು ಸಿಗುವ ಲಾಭ ಅಷ್ಟಕ್ಕಷ್ಟೆ. ನಷ್ಟವೋ ಖಚಿತ. ಎಂಜಿನ್ ಬೇಗ ಕಾಯದೆ ಇಂಧನ ಹೆಚ್ಚು ಖರ್ಚಾಗುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್ನುಗಳಲ್ಲಿ ಇದೇ ಕವಾಟ ತೆರೆಯುವಾಗ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿ ದ್ರವ ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಗಾಡಿ ಮೊದಲಿಗಿಂತ ಹೆಚ್ಚು ಗರಂ ಆಗುತ್ತದೆ. ಅಂಟಿಕೊಂಡ ಥರ್ಮೋಸ್ಟಾಟನ್ನು ಬದಲಿಸಬೇಕೇ ಹೊರತು ಬಿಟ್ಟುಕೊಡಬಾರದು.

ಕ್ಷಮಿಸಲಾಗದ ಒಂದು ಸಾಲು

‘ಬಿಸಿಯಾದರೆ ಮುಚ್ಚಳ ತೆಗೆದು ನೀರು ಹಾಕಿ’ ಎಂಬ ಸಾಲನ್ನು ‘ತಣ್ಣಗಾದ ಮೇಲೆ’ ಎಂಬ ಎರಡು ಪದಗಳಿಲ್ಲದೆ ಅಚ್ಚುಮಾಡಬಾರದು. ರೇಡಿಯೇಟರಿನ ಮುಚ್ಚಳ ಸುಮಾರು 1 ವಾತಾವರಣದಷ್ಟು ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟು, ಬರಿಯ ನೀರು ಕೂಡ 120 ಡಿಗ್ರಿಯ ಸಮೀಪದವರೆಗೆ ಕುದಿಯದಂತೆ ನೋಡಿಕೊಳ್ಳುತ್ತದೆ. 110 ಡಿಗ್ರಿಯಲ್ಲಿರುವ 5 ಲೀಟರ್ ನೀರಿನ ಮೇಲಿನ ಒತ್ತಡ ಥಟ್ಟನೆ ಹೋದರೆ, ಸುಮಾರು ಶೇಕಡ 2ರಷ್ಟು ಆ ಕ್ಷಣವೇ ಹಬೆಯಾಗುತ್ತದೆ. ಅಂದರೆ 100 ಮಿಲಿಲೀಟರಿನಷ್ಟು ನೀರು 150 ಲೀಟರಿಗೂ ಹೆಚ್ಚು ಹಬೆಯಾಗಿ, ಕುದಿಯುವ ದ್ರವವನ್ನು ಜತೆಗೆ ಹೊತ್ತು, ಬಗ್ಗಿ ನೋಡುತ್ತಿರುವವನ ಮುಖಕ್ಕೆ ಬರುತ್ತದೆ. ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡರೆ ಇದು ತಪ್ಪುವುದಿಲ್ಲ.

ಬರೆಯದೆ ಉಳಿದದ್ದು

ದ್ರವವೆಲ್ಲ ಸೋರಿಹೋದಾಗ ಉಷ್ಣತೆಯ ಸಂವೇದಕ ಬರಿಯ ಗಾಳಿಯಲ್ಲಿದ್ದು, ಮುಳ್ಳು ಸುಳ್ಳು ಹೇಳಬಹುದು ಎಂಬುದನ್ನು ಎಷ್ಟು ಬರಹಗಳು ತಿಳಿಸುತ್ತವೆ? ಕೂಲಂಟಿನ ಬಣ್ಣ ಅದರ ರಾಸಾಯನಿಕ ಜಾತಿಯನ್ನು ಸೂಚಿಸುವುದಿಲ್ಲ, ಹಸಿರಿಗೆ ಹಸಿರು ಬೆರೆಸಿದರೂ ಹೊಂದದಿರಬಹುದು ಎಂಬುದನ್ನು? ಎಥಿಲೀನ್ ಗ್ಲೈಕಾಲ್ ಸಿಹಿರುಚಿಯ ವಿಷ, ಬಸಿದದ್ದನ್ನು ಅಂಗಳದಲ್ಲಿ ಚೆಲ್ಲಿದರೆ ಮಗುವೋ ನಾಯಿಯೋ ನೆಕ್ಕಿ ಪ್ರಾಣ ಕಳೆದುಕೊಳ್ಳಬಹುದು ಎಂಬುದನ್ನು? ತಣ್ಣೀರಿನ ಬಾಟಲಿಯಲ್ಲಿ ಅದನ್ನು ತುಂಬಿಡಬಾರದೆಂಬ ಒಂದು ಸಾಲಿಗೆ ಜಾಗವಿಲ್ಲದ ಕರಪತ್ರದಲ್ಲಿ, ಸೀಟಿಗೆ ಬಿಳಿ ಹೊದಿಕೆ ಹಾಕಿಸಿ ಎಂಬ ಸಲಹೆಗೆ ಜಾಗವಿರುತ್ತದೆ.

ಒಳ್ಳೆಯ ಸೂಚನಾಪತ್ರ ಬರೆಯುವುದು ಕಷ್ಟವಲ್ಲ. ಬೇಸಿಗೆಗೆ ಮುಂಚೆ, ತಣ್ಣಗಿರುವ ಎಂಜಿನ್ನಿನಲ್ಲಿ ದ್ರವದ ಮಟ್ಟ ‘ಮಿನ್’ ಮತ್ತು ‘ಮ್ಯಾಕ್ಸ್’ ಗೆರೆಗಳ ನಡುವೆ ಇದೆಯೇ ನೋಡಿ. ಮತ್ತೆ ಮತ್ತೆ ಇಳಿದರೆ ಸೋರಿಕೆ ಹುಡುಕಿಸಿ. ಹೋಸ್ ಉಬ್ಬಿದೆಯೇ, ಬಿರಿದಿದೆಯೇ, ಮುಚ್ಚಳದ ರಬ್ಬರ್ ಗಟ್ಟಿಯಾಗಿದೆಯೇ ಪರೀಕ್ಷಿಸಿ. ಏ.ಸಿ. ಹಾಕಿ ಫ್ಯಾನ್ ತಿರುಗುತ್ತದೆಯೇ ಗಮನಿಸಿ. ಕೈಪಿಡಿ ಹೇಳುವ ಜಾತಿಯ ಕೂಲಂಟನ್ನು, ಹೇಳಿದ ಅವಧಿಗೆ ಬದಲಿಸಿ. ದಾರಿಯಲ್ಲಿ ಮುಳ್ಳು ಏರತೊಡಗಿದರೆ ಏ.ಸಿ. ಆರಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಅದೂ ಒಂದು ಸಣ್ಣ ರೇಡಿಯೇಟರೇ. ಹಬೆ ಕಂಡರೆ, ಕೆಂಪು ದೀಪ ಹತ್ತಿದರೆ, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ, ಅರ್ಧ ಗಂಟೆಯಾದರೂ ಮುಚ್ಚಳ ಮುಟ್ಟಬೇಡಿ. ‘ಮುಂದಿನ ಊರು ಹತ್ತಿರವೇ ಇದೆ’ ಎಂದು ಓಡಿಸಿದ ಆ ಕೆಲವು ಕಿಲೋಮೀಟರುಗಳಲ್ಲೇ ಅಲ್ಯೂಮಿನಿಯಂ ಹೆಡ್ ಬಾಗುವುದು.

ಇಷ್ಟನ್ನು ಒಂದು ಪುಟದಲ್ಲಿ, ಚಾಲಕನ ಕನ್ನಡದಲ್ಲಿ, ಕಾರಣಸಹಿತ ಬರೆಯಬಹುದು. ಕಾರಣ ತಿಳಿಯದ ಸೂಚನೆಯನ್ನು ಕಾರು ಬದಲಾದರೂ ಜನ ಬಿಡುವುದಿಲ್ಲ. ಅಂಬಾಸಿಡರ್ ಹೋದರೂ ಅದರ ನೀರಿನ ಚೊಂಬು ಉಳಿದಿರುವುದು ಅದರಿಂದಲೇ. ಮುಂದಿನ ಮಾರ್ಚಿಯಲ್ಲಿ ಇಂಥ ಕರಪತ್ರ ಕೈಗೆ ಬಂದಾಗ ಓದುಗರು ಪ್ರತಿ ಸಾಲಿನ ಪಕ್ಕದಲ್ಲೂ ‘ಏಕೆ?’ ಎಂದು ಬರೆದು ನೋಡಲಿ. ಉತ್ತರವಿಲ್ಲದ ಸಾಲನ್ನು ಹೊಡೆದುಹಾಕಲಿ.